ಗಾಡಿಗೆ ಹೊಲಿದ ಅಂಗಿ

ಆ ಬೀದಿಯಲ್ಲಿ ಯಾರ ಸೊಂಟ ಎಷ್ಟು ಎಂಬುದು ಅವರವರ ಹೆಂಡಿರಿಗಿಂತ ಚೆನ್ನಾಗಿ ಟೇಲರಿಗೆ ಗೊತ್ತಿತ್ತು. ಅಳತೆಗಳನ್ನು ಅವನು ಬರೆದಿಟ್ಟುಕೊಂಡವನೇ ಅಲ್ಲ, ಎಲ್ಲ ಬಾಯಿಪಾಠ. ಅಂಗಡಿಯ ಮುಂದೆ ಹಾದುಹೋಗುವವರನ್ನು ಕನ್ನಡಕದ ಮೇಲಿನಿಂದ ನೋಡಿ, "ಏನು ಸ್ವಾಮಿ, ಅರ್ಧ ಇಂಚು ಏರಿದ ಹಾಗಿದೆ?" ಎಂದು ಕೂಗಿ ಕೇಳುವ ಚಾಳಿ ಬೇರೆ. ಹಾಗಾಗಿ ಮಕ್ಕಳಿಂದ ಮುದುಕರ ತನಕ ಎಲ್ಲರಿಗೂ ಅವನು ಇಂಚು ಮಾಮ. ಅಳತೆ ಕೊಡುವಾಗ ಹೊಟ್ಟೆ ಒಳಕ್ಕೆಳೆದುಕೊಂಡು ನಿಲ್ಲುವವರು ಇರುತ್ತಾರಲ್ಲ, ಅವರಿಗೆ ಅವನದು ಒಂದೇ ಮಾತು: "ಉಸಿರು ಬಿಡಿ. ನನ್ನ ಹತ್ತಿರ ಯಾಕೆ ನಾಚಿಕೆ?"

ಒಮ್ಮೆ ಅಳತೆ ಹಿಡಿದರೆ ಮುಗಿಯಿತು, ಗಿರಾಕಿ ನೇರವಾಗಿ ಬಟ್ಟೆ ಒಯ್ಯಲು ಬಂದರೆ ಸಾಕು. ನಡುವೆ ಕರೆದು ತೊಡಿಸಿ ನೋಡುವ ಪದ್ಧತಿ ಅವನಲ್ಲಿಲ್ಲ. "ಟ್ರಯಲ್ ಅನ್ನೋದು ಕೈ ಕೂರದವರಿಗೆ" ಎಂಬ ಜಂಬ. ಬಟ್ಟೆ ಕತ್ತರಿಸುವುದರಲ್ಲಿ ಮಹಾ ಜಿಪುಣ, ಒಂದು ಚೂರು ನೆಲಕ್ಕೆ ಬಿದ್ದರೆ ಜೀವ ಹೋದ ಹಾಗೆ ಆಡುತ್ತಿದ್ದ. ಆದರೆ ಹೊಲಿಗೆಯ ಒಳಗೆ ಮಾತ್ರ ಧಾರಾಳವಾಗಿ ಬಟ್ಟೆ ಮಡಚಿ ಬಿಡುತ್ತಿದ್ದ. ಮನುಷ್ಯ ಇದ್ದ ಹಾಗೇ ಇರುತ್ತಾನೆಯೇ, ನಾಳೆ ಬಿಚ್ಚಿ ಸಡಿಲಿಸಬೇಕಾಗುತ್ತದೆ ಎಂಬ ಲೆಕ್ಕ.

ಇಂಥವನ ತಲೆಗೆ ಗಾಡಿಯ ಹುಳ ಹೊಕ್ಕಿದ್ದು ಒಬ್ಬ ಸೈಕಲ್ ಪಂದ್ಯದ ಹುಡುಗಿಯಿಂದ. ಚರ್ಮದ ಹಾಗೆ ಮೈಗಂಟುವ ಅಂಗಿ ಬೇಕು ಎಂದು ಬಂದಿದ್ದಳು. "ಬಟ್ಟೆ ಪಟಪಟ ಅಂದ್ರೆ ಗಾಳಿ ಹಿಡಿದು ಎಳೆಯುತ್ತೆ ಅಂಕಲ್, ನಾನು ತುಳಿದಿದ್ದೆಲ್ಲ ಗಾಳಿಗೇ ಹೋಗುತ್ತೆ" ಅಂದಳು. ಅವಳು ಹೋದ ಮೇಲೆ ಇಂಚು ಮಾಮ ಹೊಲಿಗೆ ಯಂತ್ರ ನಿಲ್ಲಿಸಿ ರಸ್ತೆ ನೋಡುತ್ತ ಕೂತ. ಓಡಾಡುವ ಕಾರು, ಬಸ್ಸು, ಲಾರಿ ಎಲ್ಲವೂ ದೊಗಳೆ ಅಂಗಿ ತೊಟ್ಟುಕೊಂಡು ಗಾಳಿಯನ್ನು ಗುದ್ದುತ್ತ ಹೋಗುತ್ತಿರುವಂತೆ ಕಂಡಿತು.

ಹೆಂಡತಿಯ ತಮ್ಮ ಮೋಟಾರು ಮೆಕ್ಯಾನಿಕ್. ಅವನ ಶೆಡ್ಡಿಗೆ ಹೋಗಿ ಇಂಚು ಮಾಮ ತನ್ನ ಆಸೆ ಹೇಳಿಕೊಂಡ. ಒಂದು ಬಾಟಲಿ ಪೆಟ್ರೋಲಿನಲ್ಲಿ ಬೆಟ್ಟದಾಚೆಯ ಮಗಳ ಊರಿಗೆ ಹೋಗಿ ಬರಬೇಕು. ಅಂಥ ಗಾಡಿ ತಾನೇ ಮಾಡಬೇಕು, ತಾನೇ ಓಡಿಸಬೇಕು.

"ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಗುತ್ತೆ ಭಾವ" ಅಂದ ಮೆಕ್ಯಾನಿಕ್.

"ಗುದ್ದೋದು ಬೇರೆ ಗಾಡಿಗಳು ಕಣಯ್ಯಾ, ಅದಕ್ಕೇ ಅಷ್ಟು ಪೆಟ್ರೋಲು ಕುಡಿಯುತ್ತವೆ. ನಂದು ಹೋಗಿದ್ದು ಗಾಳಿಗೇ ಗೊತ್ತಾಗಬಾರದು."

ಮೆಕ್ಯಾನಿಕ್ ಬಾಯಲ್ಲಿ ಗೇಲಿ ಮಾಡಿದರೂ ಕೈಯಲ್ಲಿ ಸಹಾಯ ಮಾಡುವ ಜಾತಿ. ಹಳೆಯ ಮೊಪೆಡ್ಡಿನ ಎಂಜಿನ್ ಕೊಟ್ಟ, ಮೂರು ಚಕ್ರ ಹೊಂದಿಸಿದ, ಟೇಲರು ಹೇಳಿದ ಅಳತೆಗೆ ತೆಳು ಕೊಳವೆಗಳನ್ನು ಬಾಗಿಸಿ ಪಕ್ಕೆಲುಬುಗಳಂತೆ ಜೋಡಿಸಿದ. ಅದರ ಮೇಲೆ ಇಂಚು ಮಾಮ ಛತ್ರಿ ಬಟ್ಟೆಯನ್ನು ಹೊಲಿದು ಏರಿಸಿ, ವಾರ್ನಿಷ್ ಬಳಿದು ಬಿಗಿ ಮಾಡಿದ. ಮೂತಿ ದುಂಡಗೆ, ಹಿಂದಕ್ಕೆ ಹೋದಂತೆ ಸಪೂರ, ಮೀನಿನ ಹಾಗೆ. ಟ್ಯಾಂಕಿನ ಬದಲು ಸೀಟಿನ ಹಿಂದೆ ಲೀಟರ್ ಬಾಟಲಿ. ಒಬ್ಬರಿಗಷ್ಟೇ ಜಾಗ, ಯಾಕೆಂದರೆ ಅಗಲವಾದಷ್ಟೂ ಗಾಳಿ ತಡೆಯುತ್ತದೆ. ಕಾಜ ಹಾಕಿ ಗುಂಡಿ ಹಚ್ಚುವ ಹೆಂಡತಿ ಗಾಡಿಯ ಮೈತುಂಬ ಬಣ್ಣದ ನೂಲಿನ ಎಳೆಗಳನ್ನು ಅಂಟಿಸಿದಳು. ಓಡುವಾಗ ಎಳೆಗಳು ಕುಣಿದರೆ ಗಾಳಿ ಜಗ್ಗುತ್ತಿದೆ ಎಂದರ್ಥ, ಮಲಗಿದರೆ ನುಣ್ಣಗೆ ಜಾರುತ್ತಿದೆ ಎಂದರ್ಥ.

ಜೀವಮಾನವಿಡೀ ಹೊಲಿದದ್ದೆಲ್ಲ ಊರವರ ಮೈಮೇಲೆ ಎದ್ದು ಹೋಗಿತ್ತು. ಇದೊಂದು ತನಗಾಗಿ, ತಾನೇ ಒಳಗೆ ಕೂರುವುದಕ್ಕಾಗಿ. ಇಂಚು ಮಾಮ ಆ ತಿಂಗಳುಗಳಲ್ಲಿ ಇದ್ದಷ್ಟು ಸುಖವಾಗಿ ಎಂದೂ ಇರಲಿಲ್ಲ.

ಕೂರುವ ದಿನ ಬಂತು. ಗಾಡಿ ನಿಲ್ಲಿಸಿದ್ದ ಅವನ ಮನೆಯ ಹಿತ್ತಲಲ್ಲಿ ಬೀದಿಯ ಜನ ನೆರೆದರು. ಇಂಚು ಮಾಮ ಕಾಲು ಇಳಿಸಿದ, ಮಂಡಿ ಇಳಿಯಿತು, ಸೊಂಟದ ಹತ್ತಿರ ನಿಂತುಬಿಟ್ಟ. ಕೆಳಗೂ ಇಲ್ಲ, ಮೇಲೂ ಇಲ್ಲ. ಮೆಕ್ಯಾನಿಕ್ ಕಂಕುಳಿಗೆ ಕೈ ಹಾಕಿ ಎಳೆದು ತೆಗೆಯಬೇಕಾಯಿತು.

"ಭಾವ, ಯಾರ ಅಳತೆ ಇದು?"

"ನಂದೇ."

"ಯಾವಾಗಿಂದು?"

ಇಂಚು ಮಾಮ ಕೊರಳಲ್ಲಿದ್ದ ಟೇಪು ಮುಟ್ಟಿ ನೋಡಿಕೊಂಡ. ಅವನಿಗೆ ಕೊನೆಯ ಸಲ ಟೇಪು ಸುತ್ತಿದ್ದು ಅವನ ಗುರು, ಮದುವೆಯ ಕೋಟಿಗೆ. ಆ ಅಂಕಿಗಳೇ ತಲೆಯಲ್ಲಿ ಕೂತಿದ್ದವು. ಬೀದಿಯ ಪ್ರತಿ ಹೊಟ್ಟೆಯೂ ಎಷ್ಟು ಬೆಳೆಯಿತೆಂದು ಬಲ್ಲವನು ತನ್ನದನ್ನು ಮದುಮಗನ ಲೆಕ್ಕದಲ್ಲೇ ಬಿಟ್ಟಿದ್ದ. ತನ್ನ ಬೆನ್ನು ತನಗೆ ಕಾಣದು ಅಂತಾರೆ, ಇವನಿಗೆ ಹೊಟ್ಟೆಯೂ ಕಂಡಿರಲಿಲ್ಲ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಕ್ಯಾನಿಕ್, "ಕೊಳವೆ ಅಗಲ ಮಾಡೋಣ ಬಿಡಿ" ಅಂದ. ಅಗಲ ಮಾಡಿದರೆ ಬಾಟಲಿ ಸಾಲದು, ಇಂಚು ಮಾಮ ಒಪ್ಪಲಿಲ್ಲ. ಹೊಟ್ಟೆಯನ್ನೇ ಕರಗಿಸುತ್ತೇನೆಂದು ರಾತ್ರಿ ಊಟ ಬಿಟ್ಟ. ಸಿಟ್ಟು ಏರಿತೇ ಹೊರತು ಹೊಟ್ಟೆ ಇಳಿಯಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಹೆಂಡತಿ ಸೀಟಿನ ದಿಂಬು ಸರಿಮಾಡಲು ಗಾಡಿಯೊಳಗೆ ಇಳಿದಳು. ಇಳಿದವಳು ಅಚ್ಚಿಗೆ ಹೊಯ್ದ ಹಾಗೆ ಕೂತಳು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಇಂಚು ಮಾಮ ಅದನ್ನು ಕಂಡ. ಹೊಲಿದ ಬಟ್ಟೆಗಳನ್ನು ಸ್ಕೂಟರಿನಲ್ಲಿ ಊರೆಲ್ಲ ತಲುಪಿಸುವವಳು ಅವಳು, ರಸ್ತೆಯ ಭಯ ಅವಳಿಗಿಲ್ಲ.

"ರೀ, ನಾನು ಹೋಗಿ ಬರ್ಲಾ?" ಅಂದಳು ಮೆಲ್ಲಗೆ.

ಅವನು ಸರಕ್ಕನೆ ತಿರುಗಿ ಅಂಗಡಿಗೆ ಹೋದ. ಹೊಟ್ಟೆಕಿಚ್ಚು ಪಟ್ಟ, ಅದೂ ಕಟ್ಟಿಕೊಂಡ ಹೆಂಡತಿಯ ಮೇಲೆ. ಎರಡು ದಿನ ಮಾತು ಬಿಟ್ಟು ಯಂತ್ರ ತುಳಿದ. ಮೂರನೆಯ ದಿನ ಬೆಳಿಗ್ಗೆ ಅವಳ ಎತ್ತರಕ್ಕೆ ದಿಂಬನ್ನು ತಾನೇ ಹೊಲಿದು ತಂದು ಸೀಟಿಗೆ ಹಾಕಿದ. "ತಿರುವಿನಲ್ಲಿ ನಿಧಾನ ಹೋಗು" ಅಂದ, ಅಷ್ಟೇ. ಅವಳಿಗೆ ಅಷ್ಟು ಸಾಕಾಗಿತ್ತು.

ಗಾಡಿ ಹೊರಟಿತು. ಮೆಕ್ಯಾನಿಕ್‌ನ ಸ್ಕೂಟರಿನ ಹಿಂದೆ ಕೂತು ಇಂಚು ಮಾಮ ಬೆನ್ನು ಹತ್ತಿದ. ಪೇಟೆ ದಾಟಿ ಬಯಲು ಸಿಕ್ಕಾಗ ಗಾಡಿ ವೇಗ ಹಿಡಿಯಿತು. ಆಗ ನೋಡಿದ. ಮೂತಿಯಿಂದ ಬಾಲದ ತನಕ ಕೆಂಪು, ಹಳದಿ, ನೀಲಿ ಎಳೆಗಳೆಲ್ಲ ಬಾಚಿದ ಕೂದಲಿನಂತೆ ಮಲಗಿದ್ದವು. ಒಂದೇ ಒಂದು ಎಳೆ ಕುಣಿಯಲಿಲ್ಲ.

"ಹೇಗೆ ಕೂತಿದೆ ನೋಡೋ ಅಂಗಿ! ಎಲ್ಲೂ ಸುಕ್ಕಿಲ್ಲ!" ಎಂದು ಮೆಕ್ಯಾನಿಕ್‌ನ ಬೆನ್ನಿಗೆ ಗುದ್ದಿದ. ಒಳಗೆ ಕೂತಿದ್ದರೆ ಇದು ತನಗೆ ಕಾಣುತ್ತಲೇ ಇರಲಿಲ್ಲ ಎಂದು ಆಗ ಹೊಳೆಯಿತು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ಕಣ್ಣು ಒದ್ದೆಯಾದದ್ದಕ್ಕೆ ಗಾಳಿಯನ್ನು ಬೈದುಕೊಂಡ.

ಮಗಳ ಮನೆಯಲ್ಲಿ ಒಂದು ಲೋಟ ನೀರು ಕುಡಿದು ತಿರುಗಿ ಬಂದರು. ಸಂಜೆ ಹಿತ್ತಲಲ್ಲಿ ಮೆಕ್ಯಾನಿಕ್ ಬಾಟಲಿ ಎತ್ತಿ ತೋರಿಸಿದ. ತಳದಲ್ಲಿ ಇನ್ನೂ ಒಂದು ಬೆರಳಷ್ಟು ಪೆಟ್ರೋಲು. ಬೀದಿಯವರು ಚಪ್ಪಾಳೆ ತಟ್ಟಿದರು. ಬೆನ್ನ ಹಿಂದೆ ಹೋದ ಸ್ಕೂಟರು ಎಷ್ಟು ಕುಡಿಯಿತು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಜನ ಚದುರಿದ ಮೇಲೆ ಇಂಚು ಮಾಮ ಗಿರಾಕಿಗಳನ್ನು ಕೇಳುವಂತೆ ಹೆಂಡತಿಯನ್ನು ಕೇಳಿದ: "ಎಲ್ಲಾದ್ರೂ ಬಿಗಿ ಇದೆಯಾ?"

"ಬಿಗಿ ಏನಿಲ್ಲ. ಆದ್ರೆ ದಾರಿ ಪೂರ್ತಿ ಒಬ್ಬಳೇ. ಕೆರೆ ಹತ್ರ ಕೊಕ್ಕರೆ ಹಿಂಡು ಇತ್ತು, ನೋಡ್ರೀ ಅಂತ ಹಿಂದೆ ತಿರುಗಿದೆ. ಬಾಟಲಿ ಇತ್ತು." ಸೀಟಿನ ಹಿಂದಕ್ಕೆ ಕೈ ತೋರಿಸಿ ಅಂದಳು, "ಹಿಂದುಗಡೆ ಇನ್ನೊಂದು ಸೀಟು ಹಾಕಿ."

"ನಾನು ಹಿಡಿಸಬೇಕು ಅಂದ್ರೆ ಅಗಲ ಮಾಡಬೇಕು ಕಣೇ. ಪೆಟ್ರೋಲು ಜಾಸ್ತಿ ಕುಡಿಯುತ್ತೆ."

"ಕುಡೀಲಿ. ಒಬ್ಬಳು ಹೋದ್ರೆ ಒಂದು ಬಾಟಲಿ, ಇಬ್ರೂ ಹೋದ್ರೆ ಒಂದೂವರೆ. ತಲೆಗೆ ಎಷ್ಟು ಬಿತ್ತು, ನೀವೇ ಲೆಕ್ಕ ಹಾಕಿ."

ಇಂಚು ಮಾಮ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ಅಷ್ಟು ದೊಡ್ಡ ಜಿಪುಣನಿಗೆ ಇದು ಹೊಳೆದೇ ಇರಲಿಲ್ಲ.

"ಭಾವ, ಅಕ್ಕ ಗೆದ್ದಳು" ಎನ್ನುತ್ತ ಮೆಕ್ಯಾನಿಕ್ ಕೊಳವೆ ಬಿಚ್ಚಲು ಪಾನಾ ತರಲು ಹೋದ.

"ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ದೀರಲ್ಲ?" ಹೆಂಡತಿ ಕೇಳಿದಳು.

"ಬಿಡದೆ ಇರ್ತೀನಾ? ಎರಡೂ ಪಕ್ಕ ಬಿಟ್ಟಿದ್ದೀನಿ."

ಅವನು ಕೊರಳಲ್ಲಿದ್ದ ಟೇಪು ತೆಗೆದು ಅವಳ ಕೈಗಿತ್ತು ತೋಳೆತ್ತಿ ನಿಂತ. ಅವಳು ಸೊಂಟದ ಸುತ್ತ ಟೇಪು ತಂದಳು. ಅವನು ತನಗೆ ಗೊತ್ತಿಲ್ಲದೆಯೇ ಹೊಟ್ಟೆಯನ್ನು ಒಳಕ್ಕೆಳೆದುಕೊಂಡ.

"ಉಸಿರು ಬಿಡಿ" ಅಂದಳು ಅವಳು. "ನನ್ನ ಹತ್ತಿರ ಯಾಕೆ ನಾಚಿಕೆ?"