ಸಾಕ್ಷಿ ವಹಿಯಲ್ಲಿ ಬರೆಯದ ಮಾತು

ಸುನೀತಾ, ಖಾನಾಪುರದ ನಿನ್ನ ನೆರೆಯವಳು ನನಗೆ ಎರಡು ಮಾತು ಹೇಳಿದ್ದಳು. ಪ್ರಾರ್ಥನೆಗೆ ಕೂಡಿದವರ ಮುಂದೆ ನಾನು ಒಂದನ್ನೇ ಹೇಳಿದೆ. ಇನ್ನೊಂದನ್ನು ಮೂರು ವರ್ಷ ಮುಚ್ಚಿಟ್ಟೆ.

ಖಾಸಬಾಗದ ನಮ್ಮ ಮನೆಯ ಬುಧವಾರದ ಪ್ರಾರ್ಥನೆ ನಿನಗೆ ಗೊತ್ತಿದ್ದದ್ದೇ. ಚಹಾಕ್ಕೆ ಮೊದಲು ಒಬ್ಬಳು ಎದ್ದು, ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಸಾಕ್ಷಿ ಹೇಳಬೇಕು. ನಾನು ವಹಿಯಲ್ಲಿ ಬರೆದಿಡಬೇಕು. ಚರ್ಚಿನ ಸಭೆಗೆ ಹೊಸದಾಗಿ ಸೇರುವವರ ಸಾಕ್ಷಿಯನ್ನು ಮೂರು ಸಲ ಕೇಳುವುದು ನಮ್ಮ ರೂಢಿ.

ಪ್ರಾರ್ಥನೆಯಿಂದ ಗಂಡ ಕುಡಿತ ಬಿಟ್ಟ ಎಂಬುದು ನಿನ್ನ ಸಾಕ್ಷಿ. ಮೊದಲ ಸಲ ಎರಡು ಪುಟ ತುಂಬಿತ್ತು — ಅವನು ಸಂಜೆ ಮೆಂತ್ಯೆ ಸೊಪ್ಪು ತಂದದ್ದು, ಮಗಳ ಚಪ್ಪಲಿ ಹೊಲಿಸಿಕೊಟ್ಟದ್ದು, ಎಲ್ಲ. ಎರಡನೆಯ ಸಲ ಒಂದು ಪುಟ. ಮೂರನೆಯ ಸಲ ನಾಲ್ಕೇ ಸಾಲು. ಅವತ್ತು ನಿನ್ನ ಬಲಗೈಯಲ್ಲಿ ಬಳೆಗಳಿರಲಿಲ್ಲ. ನೀನು ಮಣಿಕಟ್ಟಿನ ಮೇಲೆ ಸೆರಗು ಎಳೆದುಕೊಂಡೆ. ನಾನು ನೋಡಿದೆ. ಬಳೆ ಹೇಗೆ ಒಡೆದವು ಎಂದು ಕೇಳಬೇಕಿತ್ತು — ಕೇಳಲಿಲ್ಲ. ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದಷ್ಟೇ ಹೊಳೆಯಿತು.

ಶನಿವಾರ ಖಾನಾಪುರದ ಬಸ್ಸು ಹತ್ತಿದೆ. ನಿನ್ನ ಮನೆಗಲ್ಲ, ಬಾಜು ಮನೆಗೆ ಹೋದೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

“ಬಿಟ್ಟಿದ್ದರಿ, ಖರೇನ ಬಿಟ್ಟಿದ್ದ. ಎರಡ ತಿಂಗಳ ಆ ಮನ್ಯಾಗ ನಗೂದು ಕೇಳೇವಿ. ಈಗ ಮತ್ತ ಕುಡ್ಯಾಕ ಹಚ್ಯಾನ. ಇಷ್ಟ್ಯಾಕ ಕೇಳ್ತೀರಿ, ನೀವೇನ್ ಪೊಲೀಸರ?”

ಮರು ಬುಧವಾರ, ಎಲ್ಲರ ಕೈಗೂ ಚಹಾದ ಕಪ್ಪು ಕೊಟ್ಟ ಮೇಲೆ, ಕೇಳಿದೆ: “ಸುನೀತಾ, ನಿನ್ನ ಗಂಡ ಕುಡೀತಾನಂತಲ್ಲ?”

ನೀನು ಕಪ್ಪನ್ನು ಕೆಳಗಿಟ್ಟೆ. “ಮೊದಲನೇ ಸಲ ಹೇಳಿದ್ದು ಖರೇ ಇತ್ರಿ ಅಕ್ಕಾರ. ಆಮ್ಯಾಲಿಂದು ಹೇಳಿದ್ರ ನನ್ನ ಸಭಾಕ್ಕ ಸೇರಿಸ್ಕೋತಿದ್ರೇನು?”

ಎಲ್ಲರೂ ನನ್ನ ಕಡೆ ತಿರುಗಿದರು. ಹಿರಿಯಳೊಬ್ಬಳು ಕೇಳಿಯೇ ಬಿಟ್ಟಳು: “ಹೌದೇನವಾ? ಮೊದಲ ಬಿಟ್ಟಿದ್ದನೇನು?”

“ಯಾರಿಗೆ ಗೊತ್ತರಿ,” ಎಂದೆ.

ನನಗೆ ಗೊತ್ತಿತ್ತು. ಆ ಭಾನುವಾರ ನಿನ್ನನ್ನು ಸಭೆಗೆ ಸೇರಿಸಿಕೊಳ್ಳುವುದಿತ್ತು. ನೀನು ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ವಹಿ ತೆಗೆದು ನಿನ್ನ ಮೊದಲ ಸಾಕ್ಷಿಯ ಎರಡು ಪುಟಗಳ ಮೇಲೂ ಅಡ್ಡಗೆರೆ ಎಳೆದೆ.

ನಿನ್ನ ಮೇಲೆ ಅಷ್ಟು ಬೇಗ ಸಂಶಯ ಹೇಗೆ ಬಂತು — ಇದನ್ನೂ ಹೇಳಬೇಕು. ಅದೇ ವಹಿಯ ಮೊದಲ ಪುಟದಲ್ಲಿ ನನ್ನ ಸಾಕ್ಷಿ ಇದೆ: ಪ್ರಾರ್ಥನೆಯಿಂದ ಸಕ್ಕರೆ ಕಾಯಿಲೆ ಹೋಯಿತು, ಗುಳಿಗೆ ಬಿಟ್ಟೆ ಎಂದು. ಬಿಟ್ಟಿದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ತಲೆ ತಿರುಗಿ ಒಲೆಯ ಮುಂದೆ ಕುಸಿದೆ. ಅಂದಿನಿಂದ ಗುಳಿಗೆ ರವೆಯ ಡಬ್ಬಿಯಲ್ಲಿ ಇರುತ್ತದೆ. ಎಲ್ಲರೂ ಏಳುವ ಮೊದಲು ನುಂಗುತ್ತೇನೆ. ಸಾಕ್ಷಿಯನ್ನು ಮಾತ್ರ ಹಾಗೇ ಹೇಳುತ್ತ ಬಂದೆ. ಒಮ್ಮೆ ಖರೆಯಾಗಿದ್ದದ್ದು ಆಮೇಲೆ ಹೇಗೆ ಕೈ ಬಿಡುತ್ತದೆ, ಹೇಳುವವಳ ಮುಖ ಆಗ ಹೇಗಿರುತ್ತದೆ — ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನನ್ನು ಹಿಡಿದುಕೊಟ್ಟರೆ ನನ್ನ ಕಡೆ ಯಾರೂ ನೋಡಲಾರರು ಎಂದು…

ಇದು ಕಾರಣ. ನೆಪವಲ್ಲ.

ಶನಿವಾರ ಮತ್ತೆ ಖಾನಾಪುರಕ್ಕೆ ಬರುತ್ತೇನೆ, ಈ ಸಲ ನಿನ್ನ ಬಾಗಿಲಿಗೇ. ನೀನು ತೆರೆಯದಿದ್ದರೆ ಅದು ನಿನ್ನ ಇಷ್ಟ. ಬುಧವಾರ ನಿನ್ನದೂ ನನ್ನದೂ ಎರಡೂ ಸಾಕ್ಷಿಗಳನ್ನು ಎಲ್ಲರ ಮುಂದೆ ಓದುತ್ತೇನೆ — ನೆರೆಯವಳ ಎರಡೂ ಮಾತು, ನನ್ನ ಗುಳಿಗೆಯ ಮಾತು ಸೇರಿಸಿ.

ಇವತ್ತು ಮುಂಜಾನೆ ಗುಳಿಗೆಯನ್ನು ಸೊಸೆಯ ಮುಂದೆಯೇ ತೆಗೆದುಕೊಂಡೆ. ಅವಳು ಲಟ್ಟಣಿಗೆ ಹಿಡಿದೇ ನಿಂತಳು.

“ಅತ್ತಿ, ಇದ್ಯಾವಾಗಿಂದ್ರಿ?”

“ಬಿಟ್ಟಿದ್ದು ಹನ್ನೊಂದ ದಿನ ಅಷ್ಟ ನೋಡವಾ,” ಎಂದೆ.