ಮುಂಡರಗಿ ಬಸ್ಸಿನಿಂದ ಇಳಿದ ಅಜ್ಜಿ

ನಮ್ಮ ಪಡಸಾಲೆಯ ಗೋಡೆಯ ಮೇಲೆ ಇಷ್ಟು ವರ್ಷ ಹಾರ ಹಾಕಿಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ ನಮ್ಮ ಅಜ್ಜಿ ಹೋದ ಗುರುವಾರ ಮುಂಡರಗಿ ಬಸ್ಸಿನಿಂದ ಇಳಿದು, ನಮ್ಮ ಮನೆಗೆ ಬಂದು, ಚಹಾ ಕುಡಿದು ಹೋದಳು. ಸಕ್ಕರೆ ಕಡಿಮೆಯಾಯಿತು ಎಂದು ಹೇಳಿ ಎರಡನೇ ಸಲ ಹಾಕಿಸಿಕೊಂಡಳು.

ಹೆದರಬೇಡಿ, ದೆವ್ವದ ಕಥೆಯಲ್ಲ. (ಆ ರಸ್ತೆಯಲ್ಲಿ ಆ ಬಸ್ಸು ಹತ್ತುವ ಧೈರ್ಯ ದೆವ್ವಗಳಿಗೂ ಇರಲಿಕ್ಕಿಲ್ಲ.) ಮೊದಲಿನಿಂದ ಹೇಳುತ್ತೇನೆ.

ನಮ್ಮ ಗಂಗತ್ತೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ನನ್ನ ಅಪ್ಪನ ತಂಗಿ. ಆಗಾಗ ಈ ಅಂಕಣಕ್ಕೆ ಬಂದು ನನ್ನ ಮಾನ ಕಳೆದು ಹೋಗುವವಳು. ಅವಳಿನ್ನೂ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ತೀರಿಕೊಂಡಳು. ಅತ್ತೆಯನ್ನು ಶಿರಹಟ್ಟಿಗೆ ಕೊಟ್ಟಿದ್ದರು, ಗಂಡ ಬೇಗ ಹೋದ. ಗದಗಿನ ನಮ್ಮ ಮನೆಗೆ ವಾಪಸು ಬಂದವಳು ನನ್ನನ್ನು ಬೆಳೆಸಿದಳು, ಈಗ ನನ್ನ ಮಕ್ಕಳನ್ನು ಬೆಳೆಸುತ್ತಿದ್ದಾಳೆ. ತಾಯಿ ಅಂತ ಅವಳಿಗೆ ಇದ್ದದ್ದು ಗೋಡೆಯ ಮೇಲಿನ ಆ ಒಂದು ಫೋಟೋ ಮಾತ್ರ.

ಕೈಯಿಂದ ಬಣ್ಣ ಹಚ್ಚಿದ ದೊಡ್ಡ ಫೋಟೋ. ಹಸಿರು ಸೀರೆ, ಕೆಂಪು ತುಟಿ, ಮೂಗಿನಲ್ಲಿ ನತ್ತು. (ನತ್ತಿಗೆ ಬಂಗಾರದ ಬಣ್ಣ ಬಳಿಯುವಾಗ ಪೇಂಟರ್ ಮಹಾಶಯ ಸ್ವಲ್ಪ ಧಾರಾಳವಾಗಿದ್ದ.) ಬೆಳಗ್ಗೆ ಸ್ನಾನ ಮುಗಿದೊಡನೆ ಅತ್ತೆ ಅದಕ್ಕೆ ಹೂ ಏರಿಸುತ್ತಾಳೆ, ಮನೆಯ ಖಬರೆಲ್ಲ ಒಪ್ಪಿಸುತ್ತಾಳೆ. "ಅವ್ವಾ, ಇವತ್ತ ಕಡ್ಲಿಹಿಟ್ಟು ತೀರೈತಿ ನೋಡು. ನಿನ್ನ ಮೊಮ್ಮಗಗ ನಾಕ ಸಲ ಹೇಳೀನಿ, ಕಿವಿ ಮ್ಯಾಲ ಹಾಕ್ಕೊಂಡಿಲ್ಲ." ನನ್ನ ಮೇಲಿನ ಚಾಡಿಗಳೆಲ್ಲ ಮೊದಲು ದಾಖಲಾಗುವುದು ಅಲ್ಲೇ.

ಇನ್ನು ಶಾಂತಾ. ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಹೆಂಡತಿಯ ಜೊತೆ ಕೆಲಸ ಮಾಡುವ ಡ್ರಾಯಿಂಗ್ ಟೀಚರ್. ಇದು ಸಂಬಳದ ಕೆಲಸ. ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾಳೆ? ಇದಕ್ಕೆ ಉತ್ತರ ಹೇಳಲಾಗದೆ ಅವಳ ಅಪ್ಪ ಎರಡು ಕಡೆ ಸಂಬಂಧ ಕಳೆದುಕೊಂಡಿದ್ದಾರೆ. ಫೋಟೋ ತೆಗೆಯುತ್ತಾಳೆ. ಆದರೆ ಸ್ಟುಡಿಯೋ ಇಲ್ಲ. ಚಿತ್ರ ಬರೆಯುತ್ತಾಳೆ. ಆದರೆ ಯಾರೂ ಕೊಳ್ಳುವಂಥದ್ದಲ್ಲ. ಮಗ್ಗದ ಮೇಲೆ ಬಟ್ಟೆಯನ್ನೂ ನೇಯುತ್ತಾಳೆ, ಆಮೇಲೆ ಅದರ ಮೇಲೆ ಫೋಟೋ ಅಚ್ಚು ಹಾಕುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಊರವರ ಹಳೆಯ ಫೋಟೋ ಕೂಡಿಡುತ್ತಾಳೆ.

ಭಾನುವಾರ ಬಂತೆಂದರೆ ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಚೀಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಬಸ್ಸು ಮೊದಲು ಸಿಕ್ಕಿತೋ ಆ ಊರು. ಹೆಣ್ಣುಮಗಳಾದ್ದರಿಂದ ನೇರ ಅಡುಗೆಮನೆಯವರೆಗೆ ಹೋಗುತ್ತಾಳೆ, ರೊಟ್ಟಿ ತಟ್ಟುವವರ ಮುಂದೆ ಕುಳಿತು ಟ್ರಂಕಿನ ತಳದ ಫೋಟೋಗಳನ್ನು ತೆಗೆಸುತ್ತಾಳೆ. ಲಕ್ಷ್ಮೇಶ್ವರದಲ್ಲಿ ಎಂದೋ ಮುಚ್ಚಿಹೋದ ಒಂದು ಸ್ಟುಡಿಯೋದ ಮನೆಯವರು ಗಾಜಿನ ನೆಗೆಟಿವ್‌ಗಳನ್ನು ತೊಳೆದು ಕಿಟಕಿಗೆ ಹಾಕುತ್ತಿದ್ದರಂತೆ. ಇವಳು ಹೋಗಿ ಕಾಡಿ ಬೇಡಿ, ಉಳಿದ ಗಾಜುಗಳನ್ನು ಗೊಬ್ಬರದ ಚೀಲದಲ್ಲಿ ಹುಲ್ಲು ತುಂಬಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು.

"ಇದನ್ನೆಲ್ಲಾ ಇಟ್ಕೊಂಡು ಏನು ಮಾಡ್ತೀ?" ಅಂತ ನಾನೇ ಒಮ್ಮೆ ಕೇಳಿದ್ದೆ.

"ನೀವು ವಾರಾವಾರ ಬರದು ಏನು ಮಾಡ್ತೀರಿ ಸರ್?" ಅಂದಳು.

ಅವಳ ಕಣ್ಣು ನಮ್ಮ ಅಜ್ಜಿಯ ಮೇಲೆ ಬಿದ್ದದ್ದು ಚಳಿಗಾಲದಲ್ಲಿ. ಒಂದು ಕಾಪಿ ತೆಗೆದುಕೊಳ್ಳುತ್ತೇನೆ, ಗೋಡೆಯಿಂದ ಇಳಿಸಿ ಕೊಡಿ ಎಂದಳು. ಅತ್ತೆ ಸುತರಾಂ ಒಪ್ಪಲಿಲ್ಲ. "ಯುಗಾದಿಗೆ ಸುಣ್ಣಾ ಹಚ್ಚೂ ಮುಂದ ಇಳಸ್ತೀವಿ. ನಡುವ ಇಳಸೂದಿಲ್ಲ." ಶಾಂತಾ ವಾದ ಮಾಡಲಿಲ್ಲ. ಯುಗಾದಿಯವರೆಗೆ ಕಾದಳು. ಸುಣ್ಣದವನು ಬಂದ ದಿನ ಅವನಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು.

ಫೋಟೋವನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದೆವು. ಗಾಜು ತೆಗೆಯಬಾರದು, ಅದರ ಮೇಲಿನ ವಿಭೂತಿ ಅಳಿಸಬಾರದು ಎಂಬುದು ಅತ್ತೆಯ ಷರತ್ತು. ಗಾಜಿನಲ್ಲಿ ಬೆಳಕು ಹೊಳೆಯದ ಹಾಗೆ ಎದುರಿಗೆ ಕರಿ ಕಂಬಳಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಕಂಬಳಿಯ ನಡುವಿನ ತೂತಿನಿಂದ ಕ್ಯಾಮೆರಾದ ಮೂಗು ಹೊರಗೆ, ಕಂಬಳಿಯ ಹಿಂದೆ ಬೆವರುತ್ತಾ ನಾನು. ಓಣಿಯವರು ನಿಂತು ನೋಡಿದರು. ಸುಣ್ಣದವನಂತೂ ಕೆಲಸವನ್ನೇ ಬಿಟ್ಟು ಕುಳಿತ.

ಇದಾಗಿ ಒಂದು ತಿಂಗಳ ಮೇಲೆ ಶಾಂತಾ ಬಂದಳು. ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿಯೇ ಬಂದಿದ್ದಳು. ಚೀಲದಿಂದ ಲಕ್ಷ್ಮೇಶ್ವರದ ಆ ಗಾಜುಗಳಲ್ಲೊಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು, ಪಕ್ಕದಲ್ಲಿ ಅದರಿಂದ ಮಾಡಿದ ಪ್ರಿಂಟ್ ಇಟ್ಟಳು. ಅಜ್ಜ ಗದಗಿಗೆ ಬರುವ ಮೊದಲು ಲಕ್ಷ್ಮೇಶ್ವರದಲ್ಲಿದ್ದ ನಮ್ಮ ಹಳೆಯ ಮನೆಯ ಮುಂದೆ ನಾಲ್ಕು ಜನ ಹೆಂಗಸರು ಕುಳಿತಿದ್ದಾರೆ. ಒಬ್ಬಳ ಮಡಿಲಲ್ಲಿ ಕುಲಾಯಿ ಕಟ್ಟಿದ ಕೂಸು.

"ನಿಮ್ಮ ಅಜ್ಜಿ ಯಾರು ಹೇಳ್ರಿ ಸರ್."

ಬಣ್ಣವಿಲ್ಲದಿದ್ದರೂ ಗುರುತು ಸಿಕ್ಕಿತು. ಅದೇ ಕಣ್ಣು, ಅದೇ ನತ್ತು, ಸೆರಗಿನ ಅದೇ ಮಡಿಕೆ. ಬೆರಳಿಟ್ಟು ತೋರಿಸಿದೆ.

"ಹೌದು. ಗ್ವಾಡಿ ಮ್ಯಾಲಿನ ಫೋಟೋ ಇವರದ. ಆದ್ರ ಕೂಸು ಇರೂದು ಇವರ ಮಡಿಲಾಗಲ್ಲ. ಮಗ್ಗಲಕ್ಕ ಕುಂತಾಕಿ ಮಡಿಲಾಗ."

ಮಗ್ಗುಲಲ್ಲಿ ಕುಳಿತವಳಿಗೆ ಮುಖವೇ ಇರಲಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ತಲೆ ಅಲ್ಲಾಡಿಸಿದ್ದಾಳೆ. ಕುತ್ತಿಗೆಯಿಂದ ಮೇಲೆ ಬರೀ ಹೊಗೆ.

ಶಾಂತಾ ಅಷ್ಟಕ್ಕೇ ಬಿಡುವವಳೇ? ಪ್ರಿಂಟ್ ಹಿಡಿದು ಆ ಓಣಿಯಲ್ಲೆಲ್ಲ ಕೇಳಿದ್ದಾಳೆ. ಒಬ್ಬ ಮುದುಕಿ ಇಬ್ಬರನ್ನೂ ಗುರುತು ಹಿಡಿದಿದ್ದಾಳೆ. "ಕೂಸಿನ ತಾಯಿ ಈ ಮನಿ ಸೊಸಿ, ಆಗಲೇ ತೀರಿಕೊಂಡ್ಲು. ನತ್ತಿನಾಕಿ ಎದುರುಮನಿ ನೀಲವ್ವ ಅಲ್ಲೇನ? ಮುಂಡರಗಿಗೆ ಕೊಟ್ಟಾರ. ಗಟ್ಟಿಮುಟ್ಟ ಅದಾಳ."

ಗಟ್ಟಿಮುಟ್ಟಾಗಿದ್ದಾರೆ! ನಾವು ಅವರಿಗೆ ಇಷ್ಟು ವರ್ಷ ಎಡೆ ಇಟ್ಟಿದ್ದೇವೆ! ಇದ್ದವರ ಫೋಟೋಕ್ಕೆ ಹಾರ ಹಾಕುವುದುಂಟೇ? ನಮ್ಮ ಕಡೆ ಮರೆತು ಹಾಕಿದರೂ ಬೈಸಿಕೊಳ್ಳಬೇಕು. ನನಗೆ ನಗು ಬಂತು. ಹಿಂದೆಯೇ ಅತ್ತೆ ನೆನಪಾದಳು. ಐವತ್ತರ ಆಸುಪಾಸಿನ ಹೆಂಗಸಿಗೆ, ನೀನು ದಿನಾ ಮಾತಾಡಿಸುವವಳು ನಿನ್ನ ತಾಯಿ ಅಲ್ಲ ಎಂದು ಹೇಗೆ ಹೇಳುವುದು? ಹೇಳಿ ಯಾರಿಗೆ ಏನು ಸಿಗಬೇಕು?

"ಹೇಳಬ್ಯಾಡ್ರಿ," ಎಂದಳು ನನ್ನ ಹೆಂಡತಿ. "ಇದ್ದೊಂದು ಅವ್ವನ್ನ ಕಸಗೋಬ್ಯಾಡ್ರಿ."

ಶಾಂತಾಳ ಮುಖವೂ ಸಣ್ಣದಾಗಿತ್ತು. "ನಾ ಆಗಲೇ ಮುಂಡರಗಿಗೆ ಹೋಗಿ ಬಂದೀನ್ರಿ. ಆ ಅಮ್ಮಾರು ನಾನ ಬಂದು ಹೇಳ್ತೀನಿ ಅಂದಾರ."

ನೋಡಿ, ಇದು ಫೋಟೋ ಕೂಡಿಡುವವರ ತೊಂದರೆ. ಟ್ರಂಕಿನಲ್ಲಿ ಸುಮ್ಮನೆ ಮಲಗಿದ್ದವರನ್ನು ಎಬ್ಬಿಸಿಬಿಡುತ್ತಾರೆ.

ಗುರುವಾರ ಬಾಗಿಲು ತೆಗೆದವಳು ಅತ್ತೆಯೇ. ಹಿಂದೆ ಶಾಂತಾ, ಮುಂದೆ ಇಳಕಲ್ ಸೀರೆಯ ಎತ್ತರದ ಮುತ್ತೈದೆ. ಕೂದಲು ಪೂರ್ತಿ ಬಿಳಿ. ಅತ್ತೆ "ಬರ್ರಿ" ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ತಿರುಗಿ ಗೋಡೆ ನೋಡಿದಳು. ಮತ್ತೆ ಬಾಗಿಲು ನೋಡಿದಳು. ಆ ಮುಖವನ್ನು ಅವಳಷ್ಟು ನೋಡಿದವರು ಜಗತ್ತಿನಲ್ಲಿ ಬೇರೆ ಯಾರಿದ್ದಾರೆ?

"ಕುಂಡ್ರು ತಂಗಿ, ಗಾಬರಿ ಆಗಬ್ಯಾಡ," ಎಂದು ಬಂದವರೇ ಅತ್ತೆಯನ್ನು ಕೂರಿಸಿದರು. "ನಾ ನೀಲವ್ವ. ನಿಮ್ಮವ್ವನ ಗೆಳತಿ. ಆ ಫೋಟೋದಾಗ ಇರಾಕಿ ನಾನು."

ನೀಲವ್ವನೇ ಹೇಳಿದರು. ಅಜ್ಜಿ ಹೋದ ಮೇಲೆ, ಮಾತು ಬಂದ ಕೂಸು ಓಣಿಯ ಮಕ್ಕಳನ್ನೆಲ್ಲ ನೋಡಿ ನನ್ನವ್ವ ಎಲ್ಲಿ ಎಂದು ಕೇಳತೊಡಗಿತು. ಅಜ್ಜ ಸ್ಟುಡಿಯೋಕ್ಕೆ ಹೋದರು. ಅಜ್ಜಿ ತೆಗೆಸಿಕೊಂಡಿದ್ದ ಒಂದೇ ಫೋಟೋದಲ್ಲಿ ಅವಳ ಮುಖ ಕೆಟ್ಟಿತ್ತು. ಸ್ಟುಡಿಯೋದವನಿಗೆ ಇದು ಹೊಸದಲ್ಲ. ಫೋಟೋ ಇಲ್ಲದೆ ಸತ್ತವರಿಗೆ ತಂಗಿಯದೋ ಮಗಳದೋ ಮುಖ ತೆಗೆದು, ಬಣ್ಣ ಹಚ್ಚಿ, ನೆರಿಗೆ ತಿದ್ದಿ ಕೊಡುವುದು ಅವನ ದಿನದ ಕೆಲಸ. ಮಗ್ಗುಲವಳ ಮುಖ ಚಲೋ ಬಂದಿದೆ, ಅದನ್ನೇ ದೊಡ್ಡದು ಮಾಡೋಣ ಎಂದನಂತೆ.

"ನಿಮ್ಮಪ್ಪ ಒಳ್ಳೇ ಮನಶಾ. ಕೇಳದ ಮಾಡಿಸ್ಲಿಲ್ಲ. ನಾ ತವರಮನಿಗೆ ಬಂದಾಗ ಬಂದು ಕೈಮುಗದ್ರು. ಕೂಸಿಗೆ ತೋರ್ಸಾಕ ಒಂದು ಮಾರಿ ಬೇಕವ್ವಾ, ನಿನ್ನ ಮಾರಿ ಕೊಡ್ತೀಯೇನು ಅಂದ್ರು. ಹಾರ ಹಾಕ್ತಾರ, ಇಬತ್ತಿ ಹಚ್ಚತಾರ, ನನಗ ಗೊತ್ತಿತ್ತು. ನಮ್ಮತ್ತಿಗೆ ಗೊತ್ತಾಗಿದ್ರ ಮನಿ ಹೊರಗ ಹಾಕ್ತಿದ್ಲು. ಹೂಂ ಅಂದೆ."

ಅದಾಗಿ ಸ್ವಲ್ಪ ದಿನಕ್ಕೇ ಅಜ್ಜ ಗದಗಿಗೆ ಬಂದು ಅರಳೆ ಅಂಗಡಿ ಹಾಕಿದರು. ಇಲ್ಲಿ ಯಾರಿಗೂ ಅಜ್ಜಿಯ ಮುಖ ಗೊತ್ತಿರಲಿಲ್ಲ. ನನ್ನ ಅಪ್ಪನೂ ಆಗ ಚಿಕ್ಕ ಹುಡುಗ. ಅಜ್ಜ ಬಾಯಿ ಬಿಡದೆ ಹೋದರು. ನೀಲವ್ವ ಸಂತೆಗೆಂದು ಗದಗಿಗೆ ಬಂದಾಗಲೂ ನಮ್ಮ ಮನೆಯ ಮುಂದೆ ಸೆರಗು ಎಳೆದುಕೊಂಡು ಹಾದುಹೋಗುತ್ತಿದ್ದರಂತೆ. ಹುಡುಗಿ ನೋಡಿಬಿಟ್ಟರೆ ಅವಳಿಗೆ ಮತ್ತೆ ತಾಯಿ ಇಲ್ಲದಂತಾಗುತ್ತದಲ್ಲ!

ಸ್ವಂತ ಮುಖವನ್ನೇ ಎರವಲು ಕೊಟ್ಟು, ಅದು ವಾಪಸು ಬರುವುದಿಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದ ಹೆಂಗಸು ನಮ್ಮ ಪಡಸಾಲೆಯಲ್ಲಿ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ಅವರಿಗೆ ಮಾತ್ರ ಅದ್ಯಾವುದರ ಪರಿವೆಯೂ ಇರಲಿಲ್ಲ. "ದಿನಾ ಪೂಜಿ ಮಾಡಿಸ್ಕೊಂಡೀನಲ್ಲ, ಅದಕ್ಕ ಒಂದು ಹಲ್ಲು ಬಿದ್ದಿಲ್ಲ ನೋಡು," ಎಂದು ಹಲ್ಲು ತೋರಿಸಿದರು.

ಅತ್ತೆ ಆಗಲೂ ನಗಲಿಲ್ಲ. "ಹಂಗಾರ ನಮ್ಮವ್ವ ಎಲ್ಲಿ?" ಎಂದು ಕೇಳಿದಳು. ಆ ಹೊತ್ತಿನಲ್ಲಿ ಅವಳು ನನಗಿಂತ ಸಣ್ಣವಳಂತೆ ಕಂಡಳು.

ಶಾಂತಾ ಅಂಜುತ್ತಲೇ ಪ್ರಿಂಟ್ ಕೊಟ್ಟಳು. ಅತ್ತೆ ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಇದರಾಗ ಮಾರಿನ ಇಲ್ಲಲ್ಲ."

"ಹ್ಯಾಂಗ ಇರತೈತಿ?" ಎಂದರು ನೀಲವ್ವ. "ಫೋಟೋದಾಂವ ಉಸುರು ಹಿಡೀರಿ, ಅಲ್ಲಾಡಬ್ಯಾಡ್ರಿ ಅಂದ. ನಾವೆಲ್ಲಾ ಕಲ್ಲಾಗಿ ಕುಂತ್ವಿ. ಆವಾಗ ನೀ ಕುಂಯ್ ಅಂದಿ. ಅಕಿ ಬಗ್ಗಿ ನೋಡಿದ್ಲು. ಫೋಟೋದಾಂವ ಗಾಜು ಕೆಡಿಸಿದಿ ಅಂತ ಬೈದ. ಅಕಿ ತಲಿ ಎತ್ತಲಿಲ್ಲ."

ಅತ್ತೆ ಬಹಳ ಹೊತ್ತು ಪ್ರಿಂಟ್ ಬಿಡಲಿಲ್ಲ. ಆಮೇಲೆ ಎದ್ದು ಒಳಗೆ ಹೋದಳು. ಫೋಟೋಕ್ಕೆಂದು ಕಟ್ಟಿಟ್ಟಿದ್ದ ಮಲ್ಲಿಗೆ ದಂಡೆ ತಂದು ನೀಲವ್ವನ ಬಿಳಿ ತುರುಬಿಗೆ ಮುಡಿಸಿದಳು. "ಇಷ್ಟ ವರ್ಷ ಗಾಜಿಗೆ ಮುಡಿಸೀನಿ," ಎಂದಳು. ಆಗ ಇಬ್ಬರೂ ಅತ್ತರು. ಶಾಂತಾ ಕ್ಯಾಮೆರಾ ಮುಟ್ಟಲಿಲ್ಲ. ಅದಕ್ಕೇ ನನಗೆ ಆ ಹುಡುಗಿ ಇಷ್ಟ.

ಈಗ ಗೋಡೆಯ ಮೇಲಿನ ಫೋಟೋ ಅಲ್ಲೇ ಇದೆ, ಹಾರವಿಲ್ಲದೆ, ವಿಭೂತಿ ಒರೆಸಿಕೊಂಡು. ಪಕ್ಕದಲ್ಲಿ ಶಾಂತಾ ಕೊಟ್ಟ ಪ್ರಿಂಟ್. ಚಾಡಿ ಹೇಳುವುದು ಮಾತ್ರ ನಿಂತಿಲ್ಲ. (ಈಗ ನನ್ನ ಮೇಲಿನ ದೂರುಗಳು ಇಬ್ಬರು ಅವ್ವಂದಿರಿಗೂ ಹೋಗುತ್ತವೆ.)

ಮೊನ್ನೆ ಭಾನುವಾರ ಬೆಟಗೇರಿಯಲ್ಲಿ ಶಾಂತಾಳ ಪ್ರದರ್ಶನ. ಅವಳ ಅಪ್ಪನ ಮಗ್ಗದ ಮನೆಯಲ್ಲೇ. ಮಗ್ಗದ ತೊಲೆಗಳಿಂದ ಕೈಮಗ್ಗದ ಬಟ್ಟೆ ಇಳಿಬಿಟ್ಟು, ಅದರ ಮೇಲೆ ಸುತ್ತಲಿನ ಊರುಗಳ ಮುಖಗಳನ್ನು ಅಚ್ಚು ಹಾಕಿದ್ದಳು. ಬಂದವರೆಲ್ಲ ತಮ್ಮ ತಮ್ಮ ಮನೆಯವರನ್ನು ಹುಡುಕಿ ಕೂಗುತ್ತಿದ್ದರು. ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಆ ನಾಲ್ಕು ಹೆಂಗಸರು. ಅದರ ಮುಂದೆ ಕುರ್ಚಿ ಹಾಕಿಸಿಕೊಂಡು, ತಾನೇ ತೆಗೆದ ಫೋಟೋ ಎಂಬಂತೆ, ನಮ್ಮ ಗಂಗತ್ತೆ.

ಗದಗಿನ ಒಬ್ಬ ಸ್ಟುಡಿಯೋದವರು ಬಂದು ನೋಡಿದರು. ಈಗ ಕಲರ್ ಫೋಟೋ ಬಂದು ಅವರ ಗತ್ತೂ ಜೋರಾಗಿದೆ. "ಎಲ್ಲಾ ಚಲೋ ಅದಾವ. ಇದೊಂದು ಅಲ್ಲಾಡಿ ಕೆಟ್ಟೈತಿ, ಇದನ್ನ ಯಾಕ ಇಷ್ಟು ದೊಡ್ಡದು ಮಾಡಿದ್ರಿ?" ಎಂದು ಶಾಂತಾಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಹೇಳಿದಳು.

"ಕೆಟ್ಟಿಲ್ರೀ. ಉಳದವರು ಕ್ಯಾಮೆರಾ ನೋಡ್ಯಾರ, ನಮ್ಮವ್ವ ನನ್ನ ನೋಡ್ಯಾಳ."