ಪಟ್ಟಿಗೆ ಬೇಡವಾದ ಬಾಯಿ

ಸಭೆಗಳಲ್ಲಿ ನಾನು ಚೆನ್ನಾಗಿಯೇ ಮಾತಾಡುತ್ತೇನೆ. ಕ್ಯಾನ್ಸರ್ ಬರೀ ಡಾಕ್ಟರರ ತಲೆನೋವಲ್ಲ, ಇಡೀ ಸಮಾಜದ ಹೊಣೆ ಎಂದಾಗ ಚಪ್ಪಾಳೆಯೂ ಬೀಳುತ್ತದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಇದನ್ನು ಬರೆಯಲು ನಾಚಿಕೆಯಾಗುತ್ತದೆ; ಬರೆಯದಿದ್ದರೆ ಇನ್ನೂ ನಾಚಿಕೆ.

ಎರಡು ವರ್ಷದ ಹಿಂದೆ ನಾನು ಬಾಯಿಯ ಕ್ಯಾನ್ಸರಿನ ಬಗ್ಗೆ ಒಂದು ಅಧ್ಯಯನ ಮಾಡುತ್ತಿದ್ದೆ. ರೋಗಿಗಳ ಜೊಲ್ಲಿನ ಸ್ಯಾಂಪಲ್ ಆಸ್ಪತ್ರೆಯಲ್ಲೇ ಸಿಕ್ಕಿತ್ತು. ಹೋಲಿಸಿ ನೋಡಲು, ವರ್ಷಗಟ್ಟಲೆ ಎಲೆಯಡಿಕೆ, ಹೊಗೆಸೊಪ್ಪು ಜಗಿದೂ ಬಾಯಿ ಚೆನ್ನಾಗಿರುವವರು ಬೇಕಿತ್ತು. ಅಂಥವರನ್ನು ನಾವು 'ಕಂಟ್ರೋಲ್' ಎನ್ನುತ್ತೇವೆ. ಅವರು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಉರ್ವದ ಮಾರ್ಕೆಟ್ ಪಕ್ಕ ಮೇಜು ಹಾಕಿಕೊಂಡು ಕೂತೆ.

ನಮ್ಮ ಮನೆಗೆ ಹತ್ತು ವರ್ಷದಿಂದ ಬೂತಾಯಿ, ಬಂಗುಡೆ ಮೀನು ತಂದುಕೊಡುವ ಹೆಂಗಸು ಜೊತೆಯವರನ್ನೆಲ್ಲ ಕರೆತಂದರು. "ನಮ್ಮ ಡಾಕ್ಟ್ರೇ ಅಲ್ವಾ, ಹೆದರ್ಲಿಕ್ಕೆ ಎಂತ ಉಂಟು ಮಾರಾಯ್ತಿ," ಎನ್ನುತ್ತ ಎಲ್ಲರಿಗಿಂತ ಮೊದಲು ತಾವೇ ಬಾಯಿ ತೆರೆದರು.

ಎಡಗೆನ್ನೆಯ ಒಳಗೆ ಉಗುರಿನಷ್ಟು ಬಿಳಿ ಮಚ್ಚೆ, ನಡುವೆ ಕೆಂಪು. ಅದು ಮುಂದೆ ಏನಾಗಬಹುದೆಂದು ನನಗೆ ಗೊತ್ತಿತ್ತು. ನನಗೆ ಸಂಬಳ ಬರುವುದೇ ಅದಕ್ಕೆ. ಆದರೆ ಆ ಕ್ಷಣ ಬಂದದ್ದು ಸಿಟ್ಟು. ಮೊದಲ ಕಂಟ್ರೋಲೇ ಕೈತಪ್ಪಿತಲ್ಲ! ಅವರ ಹೆಸರಿನ ಮೇಲೆ ಗೆರೆ ಎಳೆದು, "ಅಕ್ಕ, ನೀವು ಹೋಗಬಹುದು. ಎಲೆ ಸ್ವಲ್ಪ ಕಡಿಮೆ ಮಾಡಿ," ಎಂದೆ. ಹಿಂದೆ ಸಾಲು ನಿಂತಿತ್ತು. ಹೇಗೂ ಮನೆಗೆ ಬರುತ್ತಾರೆ, ಆಗ ವಿವರವಾಗಿ ಹೇಳಿದರಾಯಿತು ಎಂದುಕೊಂಡೆ.

ಹೇಳಲಿಲ್ಲ. ಅವರು ಬರುವ ಹೊತ್ತಿಗೆ ನಾನು ಲ್ಯಾಬಿನಲ್ಲಿರುತ್ತಿದ್ದೆ. ಮೀನು ಕೊಳ್ಳುವುದು ಹೆಂಡತಿ, ತಿನ್ನುವುದು ನಾನು. ಅವಳ ಹತ್ತಿರ ಒಂದು ಮಾತು ಹೇಳಿ ಕಳಿಸಬಹುದಿತ್ತು, ಅದೂ ಆಗಲಿಲ್ಲ. ಪ್ರಬಂಧ ಅಚ್ಚಾದ ದಿನ ಮಾತ್ರ ಮರೆಯದೆ ಎಲ್ಲರಿಗೂ ಗೋಳಿಬಜೆ ತರಿಸಿದೆ.

ಈ ಸಲ ಮಳೆಗಾಲ ಮುಗಿದ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಅವರನ್ನು ಕಂಡೆ. ದವಡೆಯ ಒಂದು ಬದಿ ಬಾತಿತ್ತು, ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ಫೈಲು ತೆಗೆದು ನೋಡಿದೆ. ಶಸ್ತ್ರಚಿಕಿತ್ಸೆಯ ಹಂತ ದಾಟಿಹೋಗಿತ್ತು.

ಪಕ್ಕದಲ್ಲಿದ್ದ ಮಗಳಿಗೆ ಕೋಪ, ಅದೂ ತಾಯಿಯ ಮೇಲೆ. "ಒಂದು ವರ್ಷದಿಂದ ಉರಿ ಉಂಟು ಅಂತ ಹೇಳ್ತಾರೆ ಸರ್. ಆಸ್ಪತ್ರೆಗೆ ಹೋಗುವ ಅಂದ್ರೆ ಕೇಳುವುದೇ ಇಲ್ಲ."

ತಾಯಿ ಸೆರಗು ಸರಿಸಿ, ನನ್ನತ್ತ ಕೈ ತೋರಿಸಿ, ತೊದಲುತ್ತಲೇ ಹೇಳಿದರು: "ನಾನು ಯಾಕೆ ಹೋಗ್ಬೇಕು? ಡಾಕ್ಟ್ರು ನೋಡಿದ್ದಾರಲ್ಲ. ಎಂತಾದ್ರೂ ಇದ್ದಿದ್ರೆ ಅವರು ಹೇಳದೆ ಇರ್ತಿದ್ರಾ?"

ಮಗಳು ನನ್ನ ಕಡೆ ತಿರುಗಿದಳು. "ಆಗ ಎಂತಾದ್ರೂ ಇತ್ತಾ ಸರ್?"

"ಏನೂ ಇರಲಿಲ್ಲ," ಎಂದೆ.

"ಕೇಳಿತಾ?" ಎಂದು ಆ ತಾಯಿ ಮಗಳನ್ನು ಗದರಿದರು.